ಗಂಡ ಹೆಂಡತಿ ಇಬ್ಬರೂ ಕುಡಿತ ಬಿಡಬೇಕೆಂದಾಗ

ಪ್ರಶ್ನೆ: ನನಗೆ 34 ವರ್ಷ. ಯಜಮಾನರು ಪವರ್‌ಲೂಮ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾರೆ, ನಾನು ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತೇನೆ. ಅವರ ಕುಡಿತ ಹತ್ತು ವರ್ಷದ್ದು. ನನ್ನದು ನಾಲ್ಕು ವರ್ಷದ್ದು ಎಂದು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತಿದ್ದೇನೆ. ಮೈಕೈ ನೋವಿಗೆ ಒಳ್ಳೆಯದೆಂದು ಅವರೇ ಮೊದಲ ಗುಟುಕು ಕೊಟ್ಟರು. ಈಗ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂಡಿಯೇ ಕೂರುತ್ತೇವೆ. ಬೆಳಿಗ್ಗೆ ಇಬ್ಬರಿಗೂ ಕೈ ನಡುಗುತ್ತದೆ. ಕಳೆದ ಶ್ರಾವಣದಲ್ಲಿ ದೇವರ ಮುಂದೆ ನಿಂತು ಇಬ್ಬರೂ ಒಮ್ಮೆಲೇ ಬಿಟ್ಟೆವು. ಮೂರನೆಯ ರಾತ್ರಿ ಯಜಮಾನರು ಗೋಡೆಯ ಮೇಲೆ ಇರುವೆಗಳ ಸಾಲು ಹರಿದಾಡುತ್ತಿದೆ ಎಂದು ಬಡಿಗೆ ಹಿಡಿದು ಕೂತರು, ನನ್ನ ಗುರುತೂ ಹತ್ತಲಿಲ್ಲ. ಹೆದರಿ ನಾನೇ ತಂದು ಕುಡಿಸಿದೆ, ನಾನೂ ಕುಡಿದೆ. ಈಗ ಮತ್ತೆ ಬಿಡುವ ಮನಸ್ಸಾಗಿದೆ. ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಫೋನ್ ಮಾಡಿದರೆ ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ ಎಂದರು. ನನ್ನ ವಿಷಯ ಅತ್ತೆಗೆ ಗೊತ್ತಿಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿಟ್ಟು ಚಿಕಿತ್ಸೆ ಕೊಡುವ ಜಾಗ ಇದೆಯೇ?
— ಹೆಸರು ಬೇಡ, ಬನಹಟ್ಟಿ

ಉತ್ತರ: ಕೋಣೆಯ ಮಾತಿಗೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನೀವು ಎರಡು ಸಾಲಿನಲ್ಲಿ ದಾಟಿಹೋದ ಆ ಮೂರನೆಯ ರಾತ್ರಿ. ವರ್ಷಗಟ್ಟಲೆ ನಿತ್ಯವೂ ಮದ್ಯ ಬಿದ್ದ ಮೆದುಳು, ಆ ಮಂಪರನ್ನು ಎದುರಿಸಿ ಕೆಲಸ ನಡೆಸಲು ತನ್ನ ವೇಗವನ್ನು ಸದಾ ಏರಿಸಿಯೇ ಇಟ್ಟುಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಏರಿದ ವೇಗ ಮಾತ್ರ ಉಳಿದು ಹತೋಟಿ ತಪ್ಪುತ್ತದೆ. ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ, ಇಲ್ಲದ ಹುಳುಹುಪ್ಪಟೆ ಕಾಣುವ, ಮನೆಯವರ ಗುರುತು ಸಿಗದ, ಹಗಲು ರಾತ್ರಿಯ ಅರಿವು ತಪ್ಪುವ ಸನ್ನಿ ಬರಬಹುದು. ಅದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಎಂದು ಹೆಸರು. ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣ ತೆಗೆಯಬಲ್ಲದು. ಗಾಳಿ ಸೋಕಿತು, ಹರಕೆ ತಪ್ಪಿತು ಎಂದು ನೆರೆಯವರು ಹೇಳಿದ್ದರೆ ಅದನ್ನು ತಲೆಯಿಂದ ತೆಗೆದುಹಾಕಿ. ನಿಮ್ಮ ಮನಸ್ಸಿನ ದೌರ್ಬಲ್ಯವೂ ಅದಕ್ಕೆ ಕಾರಣವಲ್ಲ.

ಶ್ರಾವಣದ ವ್ರತವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾವಾಗಲೋ ಒಮ್ಮೆ ಕುಡಿಯುವವರಿಗೆ ಅದು ಒಳ್ಳೆಯ ನೆಪವೇ ಸರಿ. ಆದರೆ ಬೆಳಿಗ್ಗೆ ಕೈ ನಡುಗುವವರು ವೈದ್ಯರಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಒಮ್ಮೆ ಸನ್ನಿ ಬಂದವರಿಗೆ ಮುಂದಿನ ಸಲವೂ ಅದು ಬರುವ ಸಂಭವ ಹೆಚ್ಚಾಗಿರುವುದರಿಂದ, ಬರುವ ಶ್ರಾವಣದವರೆಗೆ ಕಾಯದೆ ಈ ವಾರವೇ ವೈದ್ಯರನ್ನು ಕಾಣಿರಿ, ಕಾಣುವವರೆಗೆ ಏಕಾಏಕಿ ಪೂರ್ತಿ ನಿಲ್ಲಿಸಬೇಡಿರಿ. ಆಸ್ಪತ್ರೆಯಲ್ಲಿ ಕ್ಲೋರ್‌ಡಯಜೆಪಾಕ್ಸೈಡ್ ಅಥವಾ ಡಯಜೆಪಾಮ್‌ನಂಥ ಮಾತ್ರೆಯನ್ನು, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಅನ್ನು, ಮೊದಲು ತಕ್ಕ ಪ್ರಮಾಣದಲ್ಲಿ ಕೊಟ್ಟು ಒಂದು ವಾರ ಹತ್ತು ದಿನಗಳಲ್ಲಿ ಇಳಿಸುತ್ತಾ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಇಂಜೆಕ್ಷನ್ ರೂಪದಲ್ಲಿ ಬೇಕಾಗುತ್ತದೆ. ಸುಸ್ತೆಂದರೆ ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬರುವ ರೂಢಿ ನಮ್ಮ ಭಾಗದಲ್ಲಿ ಬಲವಾಗಿದೆ. ನಿತ್ಯ ಕುಡಿಯುವವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದಾದ್ದರಿಂದ, ಎಲ್ಲೇ ಹೋದರೂ ಕುಡಿತದ ವಿಷಯವನ್ನು ಮೊದಲು ಹೇಳಿರಿ.

ಇನ್ನು ಕೋಣೆ. ಒಟ್ಟಿಗೆ ಬಿಡುವ ನಿರ್ಧಾರ ಒಳ್ಳೆಯದು, ಒಂದೇ ಕೋಣೆಯಲ್ಲಿ ಬಿಡುವ ಆಸೆಯನ್ನು ನಾನು ಒಪ್ಪಲಾರೆ. ಮೊದಲ ಹತ್ತು ದಿನ ಇಬ್ಬರೂ ರೋಗಿಗಳು. ಒಬ್ಬರ ಚಡಪಡಿಕೆ ಇನ್ನೊಬ್ಬರಿಗೆ ಅಂಟುತ್ತದೆ, ಒಬ್ಬರು ‘ಸಾಕು, ಮನೆಗೆ ಹೋಗೋಣ’ ಎಂದರೆ ಇಬ್ಬರೂ ಹೊರಡುತ್ತೀರಿ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನೀವು ಕುಡಿಯಲು ಶುರುಮಾಡಿದ್ದು ಮೈಕೈ ನೋವಿಗೆ ಎಂದು ಬರೆದಿದ್ದೀರಿ. ಅದು ನಾಲ್ಕು ವರ್ಷ ಉಳಿದದ್ದು ಯಾವುದಕ್ಕೆ ಎಂಬುದನ್ನು ಯಜಮಾನರು ಪಕ್ಕದಲ್ಲಿ ಇಲ್ಲದಾಗ ಮಾತ್ರ ಹೇಳಿಕೊಳ್ಳಲು ಸಾಧ್ಯವಾಗಬಹುದು. ಅವರಿಗೂ ಹಾಗೆಯೇ.

ಹೆಂಗಸರನ್ನು ಸೇರಿಸಿಕೊಳ್ಳುವುದಿಲ್ಲ ಎಂದ ಆ ಕೇಂದ್ರದ ಮಾತಿಗೆ ಬೇಸರಿಸಬೇಡಿರಿ, ಅದರ ಹಿಂದೊಂದು ಲೆಕ್ಕವಿದೆ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಂತೆ ನಮ್ಮ ದೇಶದ ಗಂಡಸರಲ್ಲಿ ಶೇ 27.3ರಷ್ಟು ಮಂದಿ ಮದ್ಯ ಸೇವಿಸುತ್ತಾರೆ, ಹೆಂಗಸರಲ್ಲಿ ಶೇ 1.6. ಹೆಚ್ಚಿನ ಕೇಂದ್ರಗಳು ಗಂಡಸರನ್ನು ನೆನೆದೇ ಕಟ್ಟಿದವು. ಆದರೆ ಹೆಣ್ಣಿನ ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ ಅಷ್ಟೇ ಮದ್ಯ ರಕ್ತದಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ಲಿವರ್ ಬೇಗ ಕೆಡುತ್ತದೆ, ವ್ಯಸನವೂ ಕಡಿಮೆ ವರ್ಷಗಳಲ್ಲಿ ಬಲಿಯುತ್ತದೆ. ಗಂಡ ಕುಡಿದರೆ ಚಟ, ಹೆಂಡತಿ ಕುಡಿದರೆ ನಡತೆ ಎಂದು ತೂಗುವ ಊರಿನ ತಕ್ಕಡಿಗೆ ಹೆದರಿ ಚಿಕಿತ್ಸೆಯನ್ನು ಮುಂದೂಡುವಷ್ಟು ಸಮಯ ನಿಮಗಿಲ್ಲ. ಆದ್ದರಿಂದ ಗಂಡಸರ ಮತ್ತು ಹೆಂಗಸರ ವಾರ್ಡುಗಳೆರಡೂ ಇರುವ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿರಿ: ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ, ಅಲ್ಲಿ ಅನುಕೂಲವಾಗದಿದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕನ್ನಡದಲ್ಲೇ ಮಾತನಾಡಿ ದಾರಿ ಕೇಳಬಹುದು, ಹಣ ಕೊಡಬೇಕಾಗಿಲ್ಲ. ಹೊರಡುವ ಮೊದಲು ಮಕ್ಕಳನ್ನು ನಿಮ್ಮ ತವರುಮನೆಯಲ್ಲೋ ನಂಬಿಕೆಯ ಬೇರೆ ಮನೆಯಲ್ಲೋ ಬಿಡಿರಿ. ಅತ್ತೆಗೆ ಏನು ಹೇಳಬೇಕೆಂಬುದು ನಿಮ್ಮ ನಿರ್ಧಾರ, ಏಕೆಂದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ವಿಷಯವನ್ನು ಗುಟ್ಟಾಗಿಡುವ ಹೊಣೆಯನ್ನು ಆಸ್ಪತ್ರೆಯ ಮೇಲೆ ಹೊರಿಸಿದೆ.

ಜೋಡಿಯ ಚಿಕಿತ್ಸೆ ಶುರುವಾಗುವುದು ಇದಾದ ಮೇಲೆ. ಅಮೆರಿಕದಲ್ಲಿ 1970ರ ದಶಕದಿಂದ ರೂಪುಗೊಂಡ ಒಂದು ವಿಧಾನದಲ್ಲಿ ದಂಪತಿ ವಾರಕ್ಕೊಮ್ಮೆ, ಸಾಮಾನ್ಯವಾಗಿ ಮೂರರಿಂದ ಐದು ತಿಂಗಳು, ಆಪ್ತಸಮಾಲೋಚಕರ ಮುಂದೆ ಕೂರುತ್ತಾರೆ. ಅದರ ಜೀವಾಳ ಮನೆಯಲ್ಲಿ ದಿನವೂ ನಡೆಯುವ ಎರಡು ನಿಮಿಷದ ಮಾತು: ‘ನಿನ್ನೆ ಕುಡಿಯಲಿಲ್ಲ, ಇವತ್ತೂ ಕುಡಿಯುವುದಿಲ್ಲ’ ಎಂದು ಬಿಟ್ಟವರು ಹೇಳುತ್ತಾರೆ, ಕೇಳಿದವರು ಅದಕ್ಕೆ ಉಪಕಾರ ಸ್ಮರಿಸುತ್ತಾರೆ, ವೈದ್ಯರು ಕೊಟ್ಟ ಮಾತ್ರೆಯಿದ್ದರೆ ಸಂಗಾತಿಯ ಎದುರಿಗೇ ನುಂಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕಲಾಗುತ್ತದೆ. ಆ ಎರಡು ನಿಮಿಷದಲ್ಲಿ ಹಳೆಯ ಜಗಳವನ್ನು ಎತ್ತುವಂತಿಲ್ಲ, ‘ನಾಳೆ ನೋಡೋಣ’ ಎಂಬ ಕೊಂಕನ್ನೂ ಆಡುವಂತಿಲ್ಲ. ಮುಚ್ಚುಮರೆ ಬೇಡ: ಈ ವಿಧಾನದ ಅಧ್ಯಯನಗಳು ಬಹುಪಾಲು ನಡೆದಿರುವುದು ಇಬ್ಬರಲ್ಲಿ ಒಬ್ಬರು ಮಾತ್ರ ಕುಡಿಯುವ ದಂಪತಿಗಳ ಮೇಲೆ. ಇಬ್ಬರೂ ಕುಡಿಯುವಲ್ಲಿ ಇಬ್ಬರಿಗೂ ಬಿಡುವ ಮನಸ್ಸಿದ್ದರೆ ಮಾತ್ರ ಇದು ನಡೆಯುತ್ತದೆ, ನಿಮಗೆ ಆ ಮನಸ್ಸಿದೆ.

ನಿಮ್ಮ ಮುಂದಿರುವ ನಿಜವಾದ ಕಷ್ಟ ಬೇರೆ. ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂಡಿಯೇ ಕೂರುತ್ತೇವೆ ಎಂದು ಬರೆದಿದ್ದೀರಿ. ಇಡೀ ದಿನದಲ್ಲಿ ಮಗ್ಗದ ಸದ್ದಿಲ್ಲದೆ, ಅತ್ತೆಯ ಕಿವಿಗೆ ಬೀಳದೆ ನೀವಿಬ್ಬರೂ ಮನಸ್ಸು ಬಿಚ್ಚುವ ಹೊತ್ತು ಬಹುಶಃ ಅದೊಂದೇ. ಬಾಟಲಿಯನ್ನು ತೆಗೆದರೆ ಆ ಹೊತ್ತೂ ಹೋಗುತ್ತದೆ, ಮೊದಲ ತಿಂಗಳು ಅದು ಬಿಕೋ ಎನ್ನುತ್ತದೆ. ಅದೇ ಹೊತ್ತಿನಲ್ಲಿ ಅದೇ ಜಾಗದಲ್ಲಿ ಕೂರದೆ, ಊಟದ ವೇಳೆಯನ್ನು ಬದಲಿಸಿ, ಸಾಧ್ಯವಾದರೆ ಪಾಳಿಯನ್ನೂ ಬದಲಿಸಿಕೊಂಡು, ಓಣಿಯ ತುದಿಯವರೆಗೆ ನಡೆದು ಬಂದರೂ ಸರಿ, ಇಬ್ಬರೇ ಇರುವ ಹೊತ್ತೊಂದನ್ನು ಹೊಸದಾಗಿ ಹುಡುಕಿಕೊಳ್ಳಿರಿ. ಒಬ್ಬರು ಜಾರಿದರೆ ಇನ್ನೊಬ್ಬರು ಏನು ಮಾಡಬೇಕೆಂಬುದನ್ನು ಇಬ್ಬರೂ ಎಚ್ಚರವಾಗಿರುವಾಗಲೇ ಬರೆದಿಡಿರಿ: ಆ ರಾತ್ರಿ ಯಾರು ಎಲ್ಲಿ ಮಲಗುವುದು, ಯಾರಿಗೆ ಫೋನ್ ಮಾಡುವುದು, ವಾರದ ಪಗಾರ ಯಾರ ಕೈಯಲ್ಲಿ ಇರುವುದು. ಜೇಬು ತಡಕುವುದು, ಬಾಯಿ ಮೂಸಿ ನೋಡುವುದು ಬೇಡ. ಹೊಡೆತ ಬಡಿತ ನಡೆಯುತ್ತಿದ್ದರೆ ಮಾತ್ರ ಜೋಡಿ ಚಿಕಿತ್ಸೆಯನ್ನು ಬದಿಗಿಟ್ಟು ಮೊದಲು 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿರಿ. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ, ಆದರೆ ಬರೆಯದೆ ಬಿಡುವವರೂ ಇರುತ್ತಾರೆ.

ಪ್ರಶ್ನೆ: ನನ್ನ ತಂಗಿಯೂ ಆಕೆಯ ಗಂಡನೂ ಇಬ್ಬರೂ ಕುಡಿಯುತ್ತಾರೆ. ಚಹಾದಲ್ಲಿ ಬೆರೆಸಿ ಕೊಡುವ ಮಾತ್ರೆಯಿದೆ, ಅವರಿಗೆ ತಿಳಿಯದಂತೆ ಬಿಡಿಸಬಹುದು ಎಂದು ಪರಿಚಯದವರೊಬ್ಬರು ಹೇಳಿದರು. ಕೊಡಬಹುದೇ?
— ಒಬ್ಬ ಅಣ್ಣ, ಚಿಕ್ಕೋಡಿ

ಉತ್ತರ: ಕೊಡಬಾರದು. ಅದು ಡೈಸಲ್ಫಿರಾಮ್ ಆಗಿರುವ ಸಾಧ್ಯತೆ ಹೆಚ್ಚು. ದೇಹದೊಳಗೆ ಮದ್ಯ ಕರಗುವ ದಾರಿಯನ್ನು ಅದು ನಡುವೆ ತಡೆಯುವುದರಿಂದ ಅಸಿಟಾಲ್ಡಿಹೈಡ್ ಎಂಬ ವಿಷ ಸೇರಿಕೊಂಡು ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಎರಡು ವಾರದವರೆಗೂ ಈ ಅಪಾಯ ಇರುತ್ತದೆ. ಮಾತ್ರೆ ಹೊಟ್ಟೆಯಲ್ಲಿರುವುದೇ ತಿಳಿಯದವರು ಎಂದಿನಂತೆ ಕುಡಿಯುತ್ತಾರೆ, ಆಗ ಆಗುವುದಕ್ಕೆ ನೀವೇ ಹೊಣೆ. ಅದೇ ಮಾತ್ರೆಯನ್ನು ಲಿವರ್ ಮತ್ತು ಹೃದಯದ ತಪಾಸಣೆಯ ಬಳಿಕ, ರೋಗಿ ಎಲ್ಲವನ್ನೂ ತಿಳಿದು ಒಪ್ಪಿ, ಮನೆಯವರ ಎದುರಿಗೆ ನುಂಗಿದರೆ ಒಳ್ಳೆಯ ಔಷಧ. ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಎಂಬ ಬೇರೆ ಔಷಧಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ಮನೋವೈದ್ಯರು ನಿರ್ಧರಿಸಲಿ, ನಿಮ್ಮ ತಂಗಿಗೂ ಆಕೆಯ ಗಂಡನಿಗೂ ಒಂದೇ ಔಷಧ ಹೊಂದಬೇಕೆಂದಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಬೇಸತ್ತಿದ್ದಾರೋ ಅವರ ಹತ್ತಿರ, ಕುಡಿಯದ ಹೊತ್ತು ನೋಡಿ, ಮೊದಲು ಮಾತನಾಡಿರಿ. ಒಬ್ಬರು ಆಸ್ಪತ್ರೆಯ ಮೆಟ್ಟಿಲು ಹತ್ತಿದರೂ ಮನೆಯಲ್ಲಿ ಅರ್ಧ ಕುಡಿತ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನೂ ಯಜಮಾನರೂ ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಕುಡಿಯುವಾಗ ಇಲ್ಲದ ಜಗಳ ಈಗ ದಿನವೂ ಇದೆ. ಅವರು ವಾರಕ್ಕೆರಡು ಸಲ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತಾರೆ, ಅಲ್ಲಿ ಆಡಿದ್ದನ್ನು ನನಗೆ ಹೇಳುವುದಿಲ್ಲ. ನನಗೆ ನಿದ್ರೆ ಬಾರದೆ ಮೂರು ತಿಂಗಳಿಂದ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಿದ್ದೇನೆ. ಮೊದಲೇ ಚೆನ್ನಾಗಿತ್ತೇನೋ ಎನಿಸುತ್ತದೆ.
— ವಿಜಯಪುರದ ಓದುಗರು

ಉತ್ತರ: ಕುಡಿಯುವಾಗಲೂ ಜಗಳ ಇತ್ತು; ರಾತ್ರಿ ಅದು ಅರ್ಧಕ್ಕೆ ನಿಂತುಹೋಗುತ್ತಿತ್ತು, ಬೆಳಿಗ್ಗೆ ಯಾರಿಗೂ ನೆನಪಿರುತ್ತಿರಲಿಲ್ಲ. ಈಗ ಇಬ್ಬರಿಗೂ ಎಲ್ಲವೂ ನೆನಪಿರುತ್ತದೆ. ಎಂಟನೆಯ ತಿಂಗಳಲ್ಲಿ ಹೀಗಾಗುವುದು ನನಗೆ ಹೊಸದಲ್ಲ, ಇದು ಚಿಕಿತ್ಸೆ ಸೋತ ಗುರುತೂ ಅಲ್ಲ. ಜೋಡಿಯಾಗಿ ಸಮಾಲೋಚನೆಗೆ ಹೋಗಲು ಇದಕ್ಕಿಂತ ತಕ್ಕ ಸಮಯ ಇನ್ನೊಂದಿಲ್ಲ.

ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ಆ ಕೂಟದ ಕಟ್ಟುಪಾಡು, ಯಜಮಾನರು ನಿಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದಲ್ಲ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಹುಟ್ಟುಹಾಕಿದ ಕೂಟವದು. ಕುಡಿತ ಬಿಡಬಯಸುವ ಯಾರಿಗೂ ಅಲ್ಲಿ ಪ್ರವೇಶವಿದೆ, ಹೆಂಗಸರಿಗೂ. ಯಜಮಾನರು ಹೋಗುವ ಸಭೆಗೇ ಹೋದರೆ ಅವರು ಬಾಯಿ ಬಿಡುವುದು ಕಷ್ಟವಾದೀತು, ನಿಮಗೂ ಹಾಗೆಯೇ. ಬೇರೆ ದಿನದ ಸಭೆಗೆ ಹೋಗಿರಿ.

ನನಗೆ ಚಿಂತೆ ಇರುವುದು ಮಾತ್ರೆಯ ಬಗ್ಗೆ. ಕುಡಿತ ಬಿಟ್ಟವರ ನಿದ್ರೆ ಸರಿಹೋಗಲು ಹಲವು ತಿಂಗಳೇ ಬೇಕಾಗುವುದುಂಟು, ಅದು ನಿಮ್ಮೊಬ್ಬರ ತೊಂದರೆಯಲ್ಲ. ಆದರೆ ಆಲ್‌ಪ್ರಜೋಲಾಮ್ ಮೊದಲಾದ ನಿದ್ರೆ ಮಾತ್ರೆಗಳು ಮೆದುಳಿನಲ್ಲಿ ಮದ್ಯದಂತೆಯೇ ಕೆಲಸ ಮಾಡುವುದರಿಂದ, ಮದ್ಯಕ್ಕೆ ಒಗ್ಗಿದವರು ಅವುಗಳಿಗೂ ಬೇಗ ಒಗ್ಗಿಬಿಡುತ್ತಾರೆ. ಇದನ್ನು ಓದಿದ ಕೂಡಲೇ ಹೆದರಿ ಇವತ್ತೇ ನಿಲ್ಲಿಸಬೇಡಿರಿ. ಮೂರು ತಿಂಗಳು ನುಂಗಿದ್ದನ್ನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಮಾತ್ರೆಯ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಮನೋವೈದ್ಯರ ಹತ್ತಿರ ಹೋಗಿ ತೋರಿಸಿರಿ, ಅವರು ಪ್ರಮಾಣವನ್ನು ವಾರವಾರಕ್ಕೆ ಇಳಿಸಿಕೊಡುತ್ತಾರೆ. ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿರಿ. ಮಾತ್ರೆಯ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ ಎಂದು ನಿಮ್ಮ ಪತ್ರದ ಧಾಟಿಯಿಂದ ನನಗೆ ಅನ್ನಿಸುತ್ತಿದೆ.