ದೇವರು ಕೊಟ್ಟ ಮಾತು ತಡವಾದಾಗ ಅನುಮಾನ ಬಂದರೆ, ನಂಬಿಕೆ ಹೋಯ್ತು ಅಂತನಾ?

ಖಂಡಿತ ಅಲ್ಲ. ಆ ಮಾತು ನಿಂತಿರುವುದು ಕೊಟ್ಟವನ ಮೇಲೆ, ನಮ್ಮ ಧೈರ್ಯದ ಮೇಲಲ್ಲ. ಬೈಬಲಿನ ಆದಿಕಾಂಡ 15ನೇ ಅಧ್ಯಾಯ ನೋಡಿ. ನಿನ್ನನ್ನು ದೊಡ್ಡ ಜನಾಂಗ ಮಾಡುತ್ತೇನೆ ಅಂತ ದೇವರು ಅಬ್ರಹಾಮನಿಗೆ ಮಾತು ಕೊಟ್ಟಿದ್ದ. ಮಕ್ಕಳೇ ಇಲ್ಲದ ನನಗೆ ಏನು ಕೊಟ್ಟು ಏನು ಬಂತು ಅಂತ ಅಬ್ರಹಾಮ ನೇರವಾಗಿ ಕೇಳುತ್ತಾನೆ, ದೇವರು ಗದರುವುದಿಲ್ಲ, ಹೊರಗೆ ಕರೆದುಕೊಂಡು ಹೋಗಿ ನಕ್ಷತ್ರ ಎಣಿಸು, ನಿನ್ನ ಸಂತಾನ ಅಷ್ಟಾಗುತ್ತದೆ ಅನ್ನುತ್ತಾನೆ. ಅದನ್ನು ನಂಬಿದ ಮೇಲೂ, ಈ ನಾಡನ್ನು ನಿನಗೆ ಕೊಡುತ್ತೇನೆ ಅಂತ ದೇವರು ಹೇಳಿದಾಗ ಅಬ್ರಹಾಮ 'ಅದು ನನಗೆ ಗೊತ್ತಾಗೋದು ಹೇಗೆ?' ಅಂತ ಮತ್ತೆ ಕೇಳುತ್ತಾನೆ!

ಆಮೇಲಿನದು ನನಗೆ ತುಂಬಾ ಇಷ್ಟ. ಸೀಳಿದ ಪಶುಗಳ ತುಂಡುಗಳ ನಡುವೆ ನಡೆದು ಒಪ್ಪಂದ ಮಾಡುವುದು ಆಗಿನ ಪದ್ಧತಿ. ಇಲ್ಲಿ ಅಬ್ರಹಾಮ ನಡೆಯಲೇ ಇಲ್ಲ, ಅವನಿಗೆ ಗಾಢ ನಿದ್ದೆ, ಭಯ ಬೇರೆ. ದೇವರ ಗುರುತಾಗಿ ಹೊಗೆಯಾಡುವ ಒಲೆ, ಉರಿಯುವ ಪಂಜು ಮಾತ್ರ ಹಾದುಹೋದವು. ಅಂದರೆ ಹೊಣೆ ಪೂರ್ತಿ ದೇವರದ್ದೇ ಅಲ್ವಾ? ಊರು ಬಿಟ್ಟಾಗ ಅವನಿಗೆ 75 ವರ್ಷ. ನಡುವೆ ಆತುರಪಟ್ಟು ದಾಸಿ ಹಾಗರಳಿಂದ ಮಗನನ್ನು ಪಡೆದ. ಆದರೂ 100ನೇ ವಯಸ್ಸಿಗೆ, ಹೇಳಿದಂತೆ ಹೆಂಡತಿ ಸಾರಳಲ್ಲೇ ಮಗ ಇಸಾಕ ಹುಟ್ಟಿದ.