ಅಳಿವೆಯ ನಕ್ಷೆ ಹಂಚಿಕೊಳ್ಳಲು ಜಿಯೋಸರ್ವರ್, ಮ್ಯಾಪ್‌ಸರ್ವರ್, ಕ್ಯೂಜಿಐಎಸ್ ಸರ್ವರ್: ಯಾವುದನ್ನು ಆರಿಸಬೇಕು?

ಕುಮಟಾದ ನಿಮ್ಮ ಸಣ್ಣ ತಂಡವು ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು (ಉಪ್ಪುನೀರು ನುಗ್ಗುವ ಭತ್ತದ ಗದ್ದೆಗಳು), ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದ ಜಾಗಗಳು, ಬಳಚು (ತಿನ್ನುವ ಚಿಪ್ಪುಜೀವಿ) ಸಿಗುವ ದಿಬ್ಬಗಳು ಮತ್ತು ನೀರಿನ ಉಪ್ಪಿನಂಶ ಅಳೆದ ಸ್ಥಳಗಳನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶದಲ್ಲಿ ಗುರುತಿಸಿಟ್ಟುಕೊಂಡಿದೆ. ಅದನ್ನು ಪಂಚಾಯತಿಯವರು, ಕಾಲೇಜಿನ ಸಂಶೋಧಕರು ಮತ್ತು ಊರಿನವರು ಜಾಲದಲ್ಲಿ ನೋಡುವಂತಾಗಬೇಕು. ಕೈಯಲ್ಲಿರುವುದು 4 ಜಿಬಿ ಮೆಮೊರಿಯ ಒಂದು ಬಾಡಿಗೆ ಸರ್ವರ್ ಮತ್ತು ಬಿಡುವಿನಲ್ಲಿ ಅದನ್ನು ನೋಡಿಕೊಳ್ಳಬಲ್ಲ ಒಬ್ಬರು. ನಕ್ಷೆಯನ್ನು ಜಾಲಕ್ಕೆ ಒದಗಿಸುವ ಜಿಯೋಸರ್ವರ್, ಮ್ಯಾಪ್‌ಸರ್ವರ್, ಕ್ಯೂಜಿಐಎಸ್ ಸರ್ವರ್ ಎಂಬ ಮೂರು ಮುಕ್ತ ತಂತ್ರಾಂಶಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ನಾನು ಶಿರಸಿಯಲ್ಲಿ ಅಡಿಕೆ ಬೆಳೆಗಾರರ ಗುಂಪೊಂದರ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ನಕ್ಷೆಗಳನ್ನು ನೋಡಿಕೊಳ್ಳುತ್ತೇನೆ. ನೀವು ಹೇಳಿದಷ್ಟರಿಂದ ನನ್ನ ಉತ್ತರ ಕ್ಯೂಜಿಐಎಸ್ ಸರ್ವರ್, ಅದರ ಹಿಂದೆ ಪೋಸ್ಟ್‌ಜಿಐಎಸ್ ದತ್ತಸಂಚಯ (ಪೋಸ್ಟ್‌ಗ್ರೆಸ್ ದತ್ತಸಂಚಯದಲ್ಲಿ ನಕ್ಷೆಯ ದತ್ತಾಂಶ ಇಡಲು ಬರುವಂತೆ ಮಾಡುವ ಸೇರ್ಪಡೆ). ಮುಖ್ಯ ಕಾರಣ ಒಂದೇ: ನಕ್ಷೆ ತಯಾರಿಸುವವರೇ ಅದನ್ನು ಪ್ರಕಟಿಸಲೂ ಶಕ್ತರಾದರೆ ಮಾತ್ರ ಇಂಥ ಕೆಲಸ ಎರಡನೆಯ ವರ್ಷಕ್ಕೂ ಉಳಿದುಕೊಳ್ಳುತ್ತದೆ.

ಮೊದಲು ಒಂದು ಸಮಾಧಾನದ ಸಂಗತಿ. ಈ ಮೂರೂ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂ ರೂಪಿಸಿದ ಮಾನದಂಡಗಳನ್ನು ಪಾಲಿಸುತ್ತವೆ. ಡಬ್ಲ್ಯುಎಂಎಸ್ ಎಂದರೆ ಸರ್ವರ್ ನಕ್ಷೆಯನ್ನು ಚಿತ್ರವಾಗಿ ಬಿಡಿಸಿ ಕಳಿಸುವುದು. ಡಬ್ಲ್ಯುಎಫ್‌ಎಸ್ ಎಂದರೆ ಗಡಿರೇಖೆ, ಬಿಂದು ಮತ್ತು ಅವುಗಳ ವಿವರಗಳನ್ನೇ ದತ್ತಾಂಶವಾಗಿ ಕಳಿಸುವುದು. ನೋಡುವವರು ಈ ಮಾನದಂಡದ ವಿಳಾಸವನ್ನಷ್ಟೇ ಬಳಸುವುದರಿಂದ, ನಾಳೆ ನೀವು ಸರ್ವರ್ ತಂತ್ರಾಂಶವನ್ನು ಬದಲಾಯಿಸಿದರೂ ಪಂಚಾಯತಿಯ ಕಂಪ್ಯೂಟರಿನಲ್ಲಿ ತೆರೆದಿಟ್ಟ ನಕ್ಷೆಗೆ ಹೊಸ ವಿಳಾಸ ಕೊಟ್ಟರೆ ಸಾಕಾಗುತ್ತದೆ. ಆದ್ದರಿಂದ ಇಂದಿನ ಆಯ್ಕೆ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಕಟ್ಟಿಹಾಕುವುದು ದತ್ತಾಂಶವನ್ನು ನೀವು ಇಟ್ಟುಕೊಂಡ ರೀತಿ. ಅದಕ್ಕಾಗಿಯೇ ಪೋಸ್ಟ್‌ಜಿಐಎಸ್ ಅನ್ನು ಬಿಡಬೇಡಿ ಎನ್ನುತ್ತೇನೆ, ಏಕೆಂದರೆ ಮೂರೂ ಸರ್ವರ್‌ಗಳು ಅದರಿಂದ ನೇರವಾಗಿ ಓದಬಲ್ಲವು.

ಕ್ಯೂಜಿಐಎಸ್ ಸರ್ವರ್‌ನ ಬಲ ಇರುವುದು ಅದು ಡೆಸ್ಕ್‌ಟಾಪ್‌ನಲ್ಲಿ ನೀವು ಬಳಸುವ ಅದೇ ಚಿತ್ರಣ ಯಂತ್ರವನ್ನು ಬಳಸುತ್ತದೆ ಎನ್ನುವುದರಲ್ಲಿ. ಕಾಂಡ್ಲಾ ಪ್ರದೇಶಕ್ಕೆ ನೀವು ಕೊಟ್ಟ ಗೀಟು, ಬಣ್ಣ, ಅಳತೆಗೆ ತಕ್ಕಂತೆ ಕಾಣಿಸಿಕೊಳ್ಳುವ ಹೆಸರು, ಇವೆಲ್ಲ ಪ್ರಾಜೆಕ್ಟ್ ಕಡತದಲ್ಲೇ ಇರುತ್ತವೆ. ಆ ಕಡತವನ್ನು ಸರ್ವರ್‌ಗೆ ಸೇರಿಸಿದರೆ ಅದೇ ರೂಪದಲ್ಲಿ ನಕ್ಷೆ ಜಾಲಕ್ಕೆ ಬರುತ್ತದೆ. ಜಿಯೋಸರ್ವರ್‌ಗೆ ಹೋದರೆ ಎಸ್‌ಎಲ್‌ಡಿ ಎಂಬ ಬೇರೆಯೇ ಶೈಲಿ ಕಡತ ಬೇಕಾಗುತ್ತದೆ. ಕ್ಯೂಜಿಐಎಸ್‌ನಿಂದ ಅದನ್ನು ರಫ್ತು ಮಾಡಬಹುದಾದರೂ ಎಲ್ಲ ಸಂಕೇತಗಳೂ ಹಾಗೆಯೇ ದಾಟುವುದಿಲ್ಲ, ಉಳಿದುದನ್ನು ಕೈಯಿಂದ ತಿದ್ದುತ್ತ ಕೂರಬೇಕಾಗುತ್ತದೆ. ಒಬ್ಬರೇ ಇರುವ ತಂಡಕ್ಕೆ ಈ ದುಪ್ಪಟ್ಟು ಕೆಲಸ ದೊಡ್ಡ ಹೊರೆ. ಪ್ರಾಜೆಕ್ಟಿನ ಗುಣಲಕ್ಷಣಗಳಲ್ಲಿರುವ ಕ್ಯೂಜಿಐಎಸ್ ಸರ್ವರ್ ಪುಟದಲ್ಲೇ ಯಾವ ಪದರ (ನಕ್ಷೆಯ ಮೇಲಿನ ಒಂದು ಬಗೆಯ ಮಾಹಿತಿ) ಹೊರಗೆ ಕಾಣಬೇಕು, ಯಾವುದನ್ನು ದತ್ತಾಂಶವಾಗಿ ಕೊಡಬೇಕು ಎಂದು ಗುರುತು ಹಾಕಬಹುದು. ಅದರ ಮೇಲೆ ಲಿಜ್‌ಮ್ಯಾಪ್ ಎಂಬ ಜಾಲನಕ್ಷೆ ಕಟ್ಟುವ ತಂತ್ರಾಂಶ ಹಾಕಿಕೊಂಡರೆ ಪ್ರೋಗ್ರಾಮಿಂಗ್ ಬಾರದವರೂ ಪದರಗಳ ಪಟ್ಟಿ, ಹುಡುಕಾಟ, ಮುದ್ರಣ ಎಲ್ಲ ಇರುವ ಪುಟವೊಂದನ್ನು ಕಟ್ಟಬಹುದು.

ಅದರ ಕೊರತೆಗಳನ್ನೂ ತಿಳಿದಿರಿ. ಬಳಕೆದಾರರ ಹೆಸರು, ಗುಪ್ತಪದ ಕೇಳಿ ಒಳಬಿಡುವ ಏರ್ಪಾಡು ಅದರಲ್ಲಿ ತಾನಾಗಿ ಇಲ್ಲ. ಮುಂದೆ ನಿಲ್ಲುವ ಜಾಲ ಸರ್ವರ್ (ಅಪಾಚೆ, ಎಂಜಿನ್‌ಎಕ್ಸ್) ಅಥವಾ ಲಿಜ್‌ಮ್ಯಾಪ್ ಆ ಕೆಲಸ ಮಾಡಬೇಕು. ಡೆಸ್ಕ್‌ಟಾಪ್‌ನಲ್ಲಿ ಹೊಸ ಆವೃತ್ತಿ, ಸರ್ವರ್‌ನಲ್ಲಿ ಹಳೆಯ ಆವೃತ್ತಿ ಇದ್ದರೆ ಪ್ರಾಜೆಕ್ಟ್ ಅರ್ಧಂಬರ್ಧ ತೆರೆದುಕೊಳ್ಳಬಹುದು, ಹಾಗಾಗಿ ಎರಡೂ ಕಡೆ ಒಂದೇ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಇಟ್ಟುಕೊಳ್ಳಿ. ಪದರಗಳು ಬಹಳ ಹೆಚ್ಚಾದರೆ ಪ್ರಾಜೆಕ್ಟ್ ಮೊದಲ ಸಲ ತೆರೆಯುವಾಗ ನಿಧಾನವಾಗುತ್ತದೆ. ಗಜನಿಗೊಂದು, ಕಾಂಡ್ಲಾಕ್ಕೊಂದು ಎಂದು ಪ್ರಾಜೆಕ್ಟ್‌ಗಳನ್ನು ಒಡೆದಿಟ್ಟರೆ ಆ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಜಿಯೋಸರ್ವರ್ 2001ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ, ಜಾವಾದಲ್ಲಿ ಬರೆದ ತಂತ್ರಾಂಶ. ಬ್ರೌಸರಿನಲ್ಲೇ ಎಲ್ಲವನ್ನೂ ಹೊಂದಿಸುವ ಆಡಳಿತ ಪುಟ, ಯಾರಿಗೆ ಯಾವ ಪದರ ಎಂದು ನಿಗದಿಪಡಿಸುವ ವ್ಯವಸ್ಥೆ, ಬಿಡಿಸಿದ ಚಿತ್ರಗಳನ್ನು ಕೂಡಿಟ್ಟು ಮತ್ತೆ ಕೊಡುವ ಜಿಯೋವೆಬ್‌ಕ್ಯಾಶ್, ದೂರದಿಂದಲೇ ದತ್ತಾಂಶವನ್ನು ತಿದ್ದಲು ಬಿಡುವ ಡಬ್ಲ್ಯುಎಫ್‌ಎಸ್‌ನ ವಹಿವಾಟು ಸೌಲಭ್ಯ, ಇವೆಲ್ಲ ಅದರೊಳಗೇ ಇವೆ. ಕಾರವಾರದ ಜಿಲ್ಲಾ ಕಚೇರಿಯಂಥ ಕಡೆ ಹಲವು ಇಲಾಖೆಗಳು ತಮ್ಮ ತಮ್ಮ ಪದರವನ್ನು ತಾವೇ ತಿದ್ದುವಂತೆ ಮಾಡಬೇಕಾದರೆ ನಾನು ಹಿಂದೆಮುಂದೆ ನೋಡದೆ ಅದನ್ನೇ ಹೇಳುತ್ತಿದ್ದೆ. ಆದರೆ ಜಾವಾಕ್ಕೆ ಮೆಮೊರಿ ಹೆಚ್ಚು ಬೇಕು. 4 ಜಿಬಿಯಲ್ಲಿ ಪೋಸ್ಟ್‌ಗ್ರೆಸ್ ಜೊತೆ ಅದು ನಡೆಯುತ್ತದೆ, ದೊಡ್ಡ ಡ್ರೋನ್ ಚಿತ್ರಗಳನ್ನು ಸೇರಿಸಿದಾಗ ಇಕ್ಕಟ್ಟಾಗುತ್ತದೆ.

ಅದಕ್ಕಿಂತ ಗಂಭೀರವಾದದ್ದು ಭದ್ರತೆಯ ವಿಷಯ. 2024ರಲ್ಲಿ ಸಿವಿಇ-2024-36401 ಎಂದು ಗುರುತಿಸಲಾದ ದೋಷವೊಂದು ಜಿಯೋಸರ್ವರ್‌ನಲ್ಲಿ ಬಯಲಾಯಿತು. ಲಾಗಿನ್ ಆಗದ ಹೊರಗಿನವರೂ ಸರ್ವರ್‌ನಲ್ಲಿ ತಮಗೆ ಬೇಕಾದ ಆಜ್ಞೆಯನ್ನು ಓಡಿಸಲು ಅದು ದಾರಿ ಮಾಡಿಕೊಡುತ್ತಿತ್ತು, ಅದನ್ನು ಬಳಸಿಕೊಂಡು ದಾಳಿಗಳೂ ನಡೆದವು. ಅಭಿವೃದ್ಧಿಪಡಿಸುವವರು 2.23.6, 2.24.4 ಮತ್ತು 2.25.2 ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿ ಕೊಟ್ಟರು. ದೋಷ ಯಾವ ತಂತ್ರಾಂಶದಲ್ಲೂ ಬರುತ್ತದೆ, ಅದಕ್ಕಾಗಿ ಜಿಯೋಸರ್ವರ್ ಅನ್ನು ದೂರುವಂತಿಲ್ಲ. ಪ್ರಶ್ನೆ ಇರುವುದು ತಿದ್ದುಪಡಿ ಬಂದ ವಾರದಲ್ಲೇ ಅದನ್ನು ಹಾಕುವವರು ನಿಮ್ಮಲ್ಲಿದ್ದಾರೆಯೇ ಎನ್ನುವುದರಲ್ಲಿ. ಜಿಯೋಸರ್ವರ್‌ನ ಒಂದು ಆವೃತ್ತಿ ಸರಣಿಗೆ ಸುಮಾರು ಒಂದು ವರ್ಷ ಮಾತ್ರ ಬೆಂಬಲ ಸಿಗುತ್ತದೆ. ಒಮ್ಮೆ ಸ್ಥಾಪಿಸಿ ಮೂರು ವರ್ಷ ಮುಟ್ಟದೆ ಬಿಡುವ ಅಭ್ಯಾಸ ನಮ್ಮ ಕಡೆಯ ಸಂಸ್ಥೆಗಳಲ್ಲಿ ಸಾಮಾನ್ಯ, ಅಂಥ ಕಡೆ ಇದು ನಿಜಕ್ಕೂ ಅಪಾಯ. ಮೊದಲಿಂದ ಇರುವ ಅಡ್ಮಿನ್ ಗುಪ್ತಪದವನ್ನು ಬದಲಾಯಿಸದೆ ಜಾಲಕ್ಕೆ ತೆರೆದಿಟ್ಟ ಸರ್ವರ್‌ಗಳೂ ಇರುತ್ತವೆ. ಆ ಗುಪ್ತಪದ ದಾಖಲೆಯಲ್ಲೇ ಇರುವುದರಿಂದ ಅದು ಇಡೀ ಜಗತ್ತಿಗೆ ಗೊತ್ತು.

ಮ್ಯಾಪ್‌ಸರ್ವರ್ ಈ ಮೂರರಲ್ಲಿ ಹಿರಿಯದು; 1990ರ ದಶಕದ ನಡುವಿನಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಸಿ ಭಾಷೆಯಲ್ಲಿ ಬರೆದದ್ದು. ಕಡಿಮೆ ಮೆಮೊರಿಯಲ್ಲಿ ಬಹಳ ವೇಗವಾಗಿ ಕೆಲಸ ಮಾಡುತ್ತದೆ, ಉಪಗ್ರಹ ಚಿತ್ರಗಳಂಥ ಭಾರಿ ರಾಸ್ಟರ್‌ಗಳಿಗೆ ನನ್ನ ಮೊದಲ ಆಯ್ಕೆ ಇದೇ. ಎಲ್ಲವನ್ನೂ ಮ್ಯಾಪ್‌ಫೈಲ್ ಎಂಬ ಪಠ್ಯ ಕಡತದಲ್ಲಿ ಬರೆಯಬೇಕು. ಬರೆಯುವುದರಲ್ಲಿ ಒಲವುಳ್ಳವರಿದ್ದರೆ ಒಳ್ಳೆಯದು, ನೀವು ಹೇಳಿದ ಪರಿಸ್ಥಿತಿಯಲ್ಲಿ ಅಂಥವರು ಕಾಣುತ್ತಿಲ್ಲ.

ಹೋಲಿಕೆ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಸಿಗದ, ಆದರೆ ನಮಗೆ ಬಹಳ ಮುಖ್ಯವಾದ ಸಂಗತಿ ಕನ್ನಡ ಹೆಸರುಗಳದು. ಊರಿನವರು ಓದಬೇಕಾದ ನಕ್ಷೆಯಲ್ಲಿ ಮಿರ್ಜಾನ, ಗೋಕರ್ಣ, ಬರ್ಗಿ ಎಂಬ ಹೆಸರುಗಳ ಅರ್ಕಾವತ್ತು ಮತ್ತು ಹೊನ್ನಾವರ, ಯಲ್ಲಾಪುರಗಳ ಒತ್ತಕ್ಷರ ಒಡೆದು ಕಾಣಿಸಿದರೆ ಅವರಿಗೆ ನಕ್ಷೆಯ ಮೇಲಿನ ವಿಶ್ವಾಸವೇ ಹೋಗುತ್ತದೆ, ಅದು ನ್ಯಾಯವೂ ಹೌದು. ಕ್ಯೂಜಿಐಎಸ್ ಸರ್ವರ್ ಕ್ಯೂಟಿ ಎಂಬ ತಂತ್ರಾಂಶ ಗ್ರಂಥಾಲಯದ (ಸಿದ್ಧ ಕೋಡ್ ಸಂಗ್ರಹದ) ಮೂಲಕ ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಜಿಯೋಸರ್ವರ್‌ನಲ್ಲಿ ಜಾವಾ ಆ ಕೆಲಸ ಮಾಡುತ್ತದೆ. ಮ್ಯಾಪ್‌ಸರ್ವರ್ 7.0ರಿಂದ ಅದಕ್ಕಾಗಿ ಹಾರ್ಫ್‌ಬಜ್ ಎಂಬ ಗ್ರಂಥಾಲಯವನ್ನು ಬಳಸುತ್ತದೆ. ಮೂರಕ್ಕೂ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಸರ್ವರ್‌ನಲ್ಲೇ ಇರಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇದ್ದರೆ ಸಾಲದು, ಸರ್ವರ್‌ನಲ್ಲಿ ಇಲ್ಲವಾದರೆ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಬರುತ್ತವೆ. ಹಳೆಯ ದತ್ತಾಂಶ ನುಡಿಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಇದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ದತ್ತಾಂಶ ಶೇಪ್‌ಫೈಲ್ ಎಂಬ ಹಳೆಯ ಕಡತ ರೂಪದಲ್ಲಿ ಇದ್ದರೆ ಅದರ ಅಕ್ಷರ ಸಂಕೇತ ಯುಟಿಎಫ್-8 ಎಂದು ಸ್ಪಷ್ಟವಾಗಿ ಹೇಳಬೇಕು. ಜಿಯೋಸರ್ವರ್ ತಾನಾಗಿ ಐಎಸ್‌ಒ-8859-1 ಎಂದುಕೊಳ್ಳುತ್ತದೆ, ಆಗ ಕನ್ನಡವೆಲ್ಲ ಗೊಂದಲದ ಚಿಹ್ನೆಗಳಾಗುತ್ತದೆ. ಜಿಯೋಪ್ಯಾಕೇಜ್ ಎಂಬ ಹೊಸ ಕಡತ ರೂಪ ಬಳಸಿದರೆ ಈ ತಾಪತ್ರಯವೇ ಇಲ್ಲ.

ಇದೇ ಕಾರಣಕ್ಕೆ, ಈಗ ಎಲ್ಲರೂ ಹೊಗಳುವ ವೆಕ್ಟರ್ ಟೈಲ್‌ಗಳ (ಚಿತ್ರದ ಬದಲು ದತ್ತಾಂಶವನ್ನೇ ತುಣುಕುಗಳಾಗಿ ಕಳಿಸುವ ಪದ್ಧತಿಯ) ಬಗ್ಗೆ ಎಚ್ಚರಿಕೆಯ ಮಾತೊಂದಿದೆ. ಅಲ್ಲಿ ಹೆಸರನ್ನು ಬಿಡಿಸುವುದು ಸರ್ವರ್ ಅಲ್ಲ, ಓದುಗರ ಬ್ರೌಸರಿನಲ್ಲಿರುವ ಗ್ರಂಥಾಲಯ. ಅಂಥ ಒಂದು ಗ್ರಂಥಾಲಯವಾದ ಮ್ಯಾಪ್‌ಲಿಬ್ರೆ ಜಿಎಲ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುವ ಪದ್ಧತಿಯಲ್ಲಿ ಬೆಳೆದು ಬಂದಿರುವುದರಿಂದ ಭಾರತೀಯ ಲಿಪಿಗಳ ಒತ್ತಕ್ಷರಗಳು ಅದರಲ್ಲಿ ಒಡೆಯುವುದು ಬಹುಕಾಲದ ಕೊರತೆ. ಇನ್ನೊಂದು ಗ್ರಂಥಾಲಯವಾದ ಓಪನ್‌ಲೇಯರ್ಸ್ ಬ್ರೌಸರಿನ ಸ್ವಂತ ಅಕ್ಷರ ಜೋಡಣೆಯನ್ನೇ ಬಳಸುವುದರಿಂದ ಅದರಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಯಾವುದನ್ನೇ ಆರಿಸಿದರೂ ಮೊದಲ ದಿನವೇ ಮಿರ್ಜಾನ ಎಂಬ ಹೆಸರಿರುವ ಒಂದು ಪದರವನ್ನು ಬಿಡಿಸಿ ನೋಡಿ, ಆಮೇಲೆ ಮುಂದುವರಿಯಿರಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕೆನಿಸುತ್ತದೆ: ವರ್ಷಕ್ಕೊಮ್ಮೆ ಮಾತ್ರ ಬದಲಾಗುವ ಪದರಗಳಿಗೆ ಸರ್ವರ್ ತಂತ್ರಾಂಶವೇ ಬೇಕಿಲ್ಲ. ಗಜನಿಯ ಗಡಿಗಳನ್ನು ಪಿಎಂಟೈಲ್ಸ್ ಎಂಬ ಒಂದೇ ಕಡತವಾಗಿ ಮಾಡಿ ಸಾಮಾನ್ಯ ಜಾಲತಾಣದ ಜಾಗದಲ್ಲಿ ಇಟ್ಟರೆ, ಬ್ರೌಸರು ಆ ಕಡತದಲ್ಲಿ ತನಗೆ ಬೇಕಾದ ತುಣುಕನ್ನಷ್ಟೇ ಕೇಳಿ ತರಿಸಿಕೊಳ್ಳುತ್ತದೆ. ತಿದ್ದುಪಡಿ ಹಾಕುವ ಚಿಂತೆಯಾಗಲಿ, ನಿಂತುಹೋದಾಗ ಮತ್ತೆ ಶುರುಮಾಡಬೇಕಾದ ತಂತ್ರಾಂಶವಾಗಲಿ ಇರುವುದಿಲ್ಲ. ಉಪ್ಪಿನಂಶದ ಅಳತೆಯಂತೆ ಆಗಾಗ ಬದಲಾಗುವುದಕ್ಕೆ ಕ್ಯೂಜಿಐಎಸ್ ಸರ್ವರ್, ಸ್ಥಿರವಾದದ್ದಕ್ಕೆ ಪಿಎಂಟೈಲ್ಸ್ ಎಂದು ಹಂಚಿಕೊಂಡರೆ 4 ಜಿಬಿ ಧಾರಾಳವಾಗಿ ಸಾಕಾಗುತ್ತದೆ. ನೋಡುವವರು ಹೆಚ್ಚಾದರೆ ಮುಂದೆ ಮ್ಯಾಪ್‌ಪ್ರಾಕ್ಸಿ ಎಂಬ ತಂತ್ರಾಂಶ ಇಟ್ಟು, ಬಿಡಿಸಿದ ಚಿತ್ರಗಳನ್ನು ಕೂಡಿಟ್ಟುಕೊಳ್ಳಬಹುದು.

ನಿರ್ದೇಶಾಂಕಗಳ ಬಗ್ಗೆ ಚಿಕ್ಕದಾಗಿ: ನಮ್ಮ ಜಿಲ್ಲೆ ಯುಟಿಎಂ (ಭೂಮಿಯನ್ನು ಪಟ್ಟಿಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿ) 43 ಉತ್ತರ ವಲಯದಲ್ಲಿದೆ, ನಿರ್ದೇಶಾಂಕ ಪದ್ಧತಿಗಳ ಇಪಿಎಸ್‌ಜಿ ಪಟ್ಟಿಯಲ್ಲಿ ಅದರ ಸಂಖ್ಯೆ 32643, ಕ್ಷೇತ್ರಫಲ ಲೆಕ್ಕ ಹಾಕುವಾಗ ಅದನ್ನೇ ಬಳಸಿ. ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆಗಳು ಎವರೆಸ್ಟ್ ದೀರ್ಘಗೋಳವನ್ನು ಆಧರಿಸಿದವು. ಅವನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಎಂದು ಭಾವಿಸಿದರೆ ಗಜನಿಯ ಕಟ್ಟೆಗಳು ಹೊಳೆಯೊಳಗೆ ಹೋಗಿ ಬೀಳುತ್ತವೆ. ಡಬ್ಲ್ಯುಎಂಎಸ್ 1.3.0ರಲ್ಲಿ ಇಪಿಎಸ್‌ಜಿ 4326 (ಡಬ್ಲ್ಯುಜಿಎಸ್ 84ರ ಅಕ್ಷಾಂಶ, ರೇಖಾಂಶ) ಬಳಸಿದಾಗ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ಬರುತ್ತದೆ, 1.1.1ರಲ್ಲಿ ಇದರ ತಿರುವುಮುರುವು. ಕ್ರಮ ತಪ್ಪಿದರೆ 14.4 ಉತ್ತರ, 74.4 ಪೂರ್ವದಲ್ಲಿರುವ ಕುಮಟಾ ನಾರ್ವೆಯ ಉತ್ತರದ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತದೆ ಅಥವಾ ನಕ್ಷೆ ಖಾಲಿ ಬರುತ್ತದೆ. ಖಾಲಿ ನಕ್ಷೆ ಕಂಡಾಗ ಮೊದಲು ನೋಡಬೇಕಾದದ್ದು ಇದನ್ನೇ.

ಏನನ್ನು ಹಂಚಬಾರದು ಎನ್ನುವುದು ಯಾವ ಸರ್ವರ್ ಎನ್ನುವುದಕ್ಕಿಂತ ಹೆಚ್ಚು ಯೋಚನೆ ಬೇಡುವ ವಿಷಯ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯು ಭಾರತೀಯರಿಗೆ ನಕ್ಷೆ ಮಾಡಲು, ಹಂಚಲು ಇದ್ದ ಪೂರ್ವಾನುಮತಿಯ ಕಟ್ಟುಪಾಡನ್ನು ತೆಗೆದಿದೆ, ಆದರೆ ಸೂಕ್ಷ್ಮ ವಿವರಗಳ ನಿಷೇಧ ಪಟ್ಟಿಯನ್ನು ಉಳಿಸಿಕೊಂಡಿದೆ. ಸಮತಲದಲ್ಲಿ 1 ಮೀಟರ್, ಎತ್ತರದಲ್ಲಿ 3 ಮೀಟರ್‌ಗಿಂತ ನಿಖರವಾದ ದತ್ತಾಂಶವನ್ನು ಭಾರತದೊಳಗೇ ಇರಿಸಿ ಸಂಸ್ಕರಿಸಬೇಕು ಎನ್ನುತ್ತದೆ. ಡಿಜಿಪಿಎಸ್ (ಹೆಚ್ಚು ನಿಖರವಾದ ಜಿಪಿಎಸ್) ಅಥವಾ ಡ್ರೋನ್ ಬಳಸಿದ್ದರೆ ನಿಮ್ಮ ಬಾಡಿಗೆ ಸರ್ವರ್ ಯಾವ ದೇಶದಲ್ಲಿದೆ ಎಂದು ನೋಡಿಕೊಳ್ಳಿ. ಕಾರವಾರದಲ್ಲಿ ನೌಕಾನೆಲೆ, ಕೈಗಾದಲ್ಲಿ ಅಣುಸ್ಥಾವರ ಇರುವ ಜಿಲ್ಲೆಯವರು ನಾವು, ಡ್ರೋನ್ ಚಿತ್ರಗಳನ್ನು ಏರಿಸುವ ಮೊದಲು ಆ ಪಟ್ಟಿಯನ್ನು ಓದಲೇಬೇಕು.

ಕಾನೂನು ಬಿಟ್ಟರೂ ಹೊಣೆ ಇದೆ. ಸಿದ್ದಾಪುರದ ಕತ್ತಲೆಕಾನಿನಂಥ ರಾಮಪತ್ರೆ ಜಡ್ಡಿಗಳಲ್ಲಿರುವ (ಸಿಹಿನೀರಿನ ಜೌಗು ಕಾಡುಗಳಲ್ಲಿರುವ) ಅಪರೂಪದ ಮರಗಳ ನಿಖರ ಜಾಗವನ್ನು ನಾನು ಎಂದೂ ಹೊರಗೆ ಹಾಕುವುದಿಲ್ಲ. ಬಳಚು ದಿಬ್ಬಗಳ ಬಗ್ಗೆಯೂ ಅದನ್ನು ಆರಿಸಿ ಬದುಕುವ ಹೆಂಗಸರನ್ನು ಕೇಳಿಯೇ ನೀವು ತೀರ್ಮಾನಿಸಬೇಕು. ಚಿತ್ರದಲ್ಲಿ ಚುಕ್ಕಿಯನ್ನು ದೊಡ್ಡದು ಮಾಡಿ ಮರೆಮಾಚಿದರೆ ಸಾಲದು. ಆ ಪದರಕ್ಕೆ ಡಬ್ಲ್ಯುಎಫ್‌ಎಸ್ ತೆರೆದಿದ್ದರೆ ಯಾರು ಬೇಕಾದರೂ ಮೂಲ ಅಂಕಿಗಳನ್ನು ಇಳಿಸಿಕೊಳ್ಳಬಹುದು, ಡಬ್ಲ್ಯುಎಂಎಸ್‌ನಲ್ಲೂ ಚುಕ್ಕಿಯ ಮೇಲೆ ಒತ್ತಿದಾಗ ವಿವರಗಳೆಲ್ಲ ಹೊರಬರುತ್ತವೆ. ಕ್ಯೂಜಿಐಎಸ್‌ನಲ್ಲಿ ಪದರದ ಕ್ಷೇತ್ರಗಳ ಪುಟದಲ್ಲಿ ಭೂಮಾಲೀಕರ ಹೆಸರಿನಂಥ ಕ್ಷೇತ್ರಗಳನ್ನು ಡಬ್ಲ್ಯುಎಂಎಸ್ ಮತ್ತು ಡಬ್ಲ್ಯುಎಫ್‌ಎಸ್ ಎರಡರಿಂದಲೂ ತೆಗೆದುಹಾಕಬಹುದು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸೂಕ್ಷ್ಮ ಕೋಷ್ಟಕಗಳನ್ನು ಬೇರೆ ಸ್ಕೀಮಾದಲ್ಲಿಟ್ಟು (ದತ್ತಸಂಚಯದೊಳಗಿನ ಬೇರೆ ವಿಭಾಗದಲ್ಲಿಟ್ಟು), ಸರ್ವರ್ ಬಳಸುವ ಪೋಸ್ಟ್‌ಗ್ರೆಸ್ ಖಾತೆಗೆ ಅದನ್ನು ಓದುವ ಅನುಮತಿಯನ್ನೇ ಕೊಡುವುದಿಲ್ಲ. ಆ ಖಾತೆ ಬರೆಯುವ ಅನುಮತಿಯೂ ಇಲ್ಲದ, ಓದುವುದಕ್ಕೆ ಮಾತ್ರವಾದದ್ದು. ನಿಮ್ಮ ಪ್ರಾಜೆಕ್ಟ್ ಕಡತದೊಳಗೆ ದತ್ತಸಂಚಯದ ಗುಪ್ತಪದ ಉಳಿದುಕೊಂಡಿದೆಯೇ ಎಂದು ಕೂಡ ಅದನ್ನು ಸರ್ವರ್‌ಗೆ ಏರಿಸುವ ಮುನ್ನ ಒಮ್ಮೆ ತೆರೆದು ನೋಡಿ.