ಆಟ್ರಿಬ್ಯೂಟ್‌ಗಳನ್ನು ಸ್ಟ್ರಿಂಗ್ ಆಗಿ ಇಟ್ಟುಕೊಂಡಿರುವುದರಿಂದಲೇ ನನ್ನ ಕಂಪೈಲರ್ ನಿಧಾನವಾಗಿದೆಯೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಸ್ವಂತ ಭಾಷೆಯೊಂದಕ್ಕೆ ರಸ್ಟ್‌ನಲ್ಲಿ ಕಂಪೈಲರ್ ಬರೆಯುತ್ತಿದ್ದೀರಿ, ಯಂತ್ರದ ಕೋಡ್ ಹುಟ್ಟಿಸಲು, ಅದನ್ನು ಚುರುಕುಗೊಳಿಸಲು ಎಲ್‌ಎಲ್‌ವಿಎಂ ಎಂಬ ಸಿದ್ಧ ಸಾಧನ ಬಳಸುತ್ತೀರಿ. ಆಟ್ರಿಬ್ಯೂಟ್‌ಗಳನ್ನು, ಅಂದರೆ ಫಂಕ್ಷನ್, ಟೈಪ್ ಮುಂತಾದವುಗಳ ಮೇಲೆ ಕಂಪೈಲರ್‌ಗೆಂದು ಬರೆಯುವ ಸೂಚನೆಗಳನ್ನು, ಸಿಂಟ್ಯಾಕ್ಸ್ ಟ್ರೀಯಲ್ಲಿ (ಪ್ರೋಗ್ರಾಂನ ರಚನೆ ಹಿಡಿದಿಡುವ ಮರದಲ್ಲಿ) ಬರಿಯ ಸ್ಟ್ರಿಂಗ್‌ಗಳಾಗಿ ಇಟ್ಟಿದ್ದೀರಿ, ಕಂಪೈಲರ್‌ನ ಯಾವ ಹಂತಕ್ಕೆ (ಪಾಸ್‌ಗೆ) ಬೇಕೋ ಅದು ಹೋಗಿ ಹುಡುಕಿ ಓದಿಕೊಳ್ಳುತ್ತದೆ. ಈಗ ಬಿಲ್ಡ್ ನಿಧಾನವಾಗಿದೆ. ಆಟ್ರಿಬ್ಯೂಟ್ ಭಾಗವನ್ನು ಹೊಸದಾಗಿ ಬರೆದರೆ ವೇಗ ಬರುತ್ತದೆಯೇ?

ಹೊಸದಾಗಿ ಬರೆಯಿರಿ, ಆದರೆ ವೇಗದ ಆಸೆಯಿಂದ ಬೇಡ. ಒಂದು ಫಂಕ್ಷನ್ ಮೇಲಿರುವ ಮೂರು ಆಟ್ರಿಬ್ಯೂಟ್‌ಗಳನ್ನು ಹತ್ತು ಸಲ ಓದಿದರೂ, ಅದೇ ಫಂಕ್ಷನ್ ಮೇಲೆ ಎಲ್‌ಎಲ್‌ವಿಎಂ ನಡೆಸುವ ಆಪ್ಟಿಮೈಸೇಶನ್ ಎದುರು ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಸ್ಟ್ರಿಂಗ್ ಪದ್ಧತಿಯಿಂದ ಕೆಡುವುದು ಕಂಪೈಲರ್‌ನ ನಡತೆ. ಆಟ್ರಿಬ್ಯೂಟ್‌ಗೂ ಬಿಲ್ಡ್ ವೇಗಕ್ಕೂ ನಂಟು ಖಂಡಿತ ಇದೆ, ಆದರೆ ಅದು ಓದುವ ಖರ್ಚಿನಲ್ಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ರಸ್ಟ್ ಕಂಪೈಲರ್ ಕೂಡ ಬಹಳ ವರ್ಷ ನಿಮ್ಮ ದಾರಿಯಲ್ಲೇ ಇತ್ತು. ಇನ್‌ಲೈನ್ (ಫಂಕ್ಷನ್‌ನ ದೇಹವನ್ನು ಕರೆದ ಜಾಗದಲ್ಲೇ ಇಡು ಎಂಬ ಸಲಹೆ) ಬೇಕಾದಾಗ ಕೋಡ್ ಹುಟ್ಟಿಸುವ ಭಾಗ ತಾನೇ ಓದುತ್ತಿತ್ತು, ಮಸ್ಟ್‌ಯೂಸ್ (ಫಲಿತಾಂಶವನ್ನು ಬಳಸದೆ ಬಿಟ್ಟರೆ ಎಚ್ಚರಿಸು ಎಂಬ ಸೂಚನೆ) ಬೇಕಾದಾಗ ಲಿಂಟ್, ಅಂದರೆ ಅನುಮಾನ ಹುಟ್ಟಿಸುವ ಕೋಡ್ ಹುಡುಕುವ ಭಾಗ, ತಾನೇ ಓದುತ್ತಿತ್ತು. ಆಟ್ರಿಬ್ಯೂಟ್ ಸರಿಯಾದ ಜಾಗದಲ್ಲಿ ಕೂತಿದೆಯೇ ಎಂದು ನೋಡುವ ಕೆಲಸ ಇನ್ನೊಂದು ಪಾಸ್‌ನದು. ಆ ಫೈಲ್ ಬೆಳೆಯುತ್ತಲೇ ಹೋಯಿತು. ಹೀಗಾದಾಗ ತಪ್ಪಾಗಿ ಬರೆದ ಒಂದೇ ಆಟ್ರಿಬ್ಯೂಟ್‌ಗೆ ಒಂದು ಕಡೆ ಎರರ್ ಬರುತ್ತದೆ, ಇನ್ನೊಂದು ಕಡೆ ಅದು ಸದ್ದಿಲ್ಲದೆ ನುಂಗಿಹೋಗುತ್ತದೆ. 2025ರಲ್ಲಿ ದೊಡ್ಡ ಪ್ರಮಾಣದಲ್ಲಿ ಇದನ್ನು ಬದಲಿಸಲು ಶುರು ಮಾಡಿದರು. ಸಿಂಟ್ಯಾಕ್ಸ್ ಟ್ರೀಯಿಂದ ಎಚ್‌ಐಆರ್ ಎಂಬ ಮುಂದಿನ ಒಳರೂಪಕ್ಕೆ ಇಳಿಸುವ ಹಂತದಲ್ಲೇ ಕಂಪೈಲರ್‌ನ ಸ್ವಂತ ಆಟ್ರಿಬ್ಯೂಟ್‌ಗಳನ್ನು ಒಂದೇ ಸಲ ಪಾರ್ಸ್ ಮಾಡಿ ಎನಮ್ (ನಿಗದಿತ ಆಯ್ಕೆಗಳಲ್ಲಿ ಒಂದಾಗಿರುವ ಟೈಪ್) ಮೌಲ್ಯಗಳಾಗಿ ಇಡುವುದು. ಮುಂದಿನ ಪಾಸ್‌ಗಳ ಕಣ್ಣಿಗೆ ಮೂಲ ಪಠ್ಯ ಬೀಳುವುದೇ ಇಲ್ಲ.

ನಿಮ್ಮಲ್ಲೂ ಪ್ರತಿ ಆಟ್ರಿಬ್ಯೂಟ್‌ಗೆ ಒಂದೇ ಪಾರ್ಸರ್ ಇರಲಿ. ಹೆಸರೇನು, ಬರಿಯ ಪದವಾಗಿ ಬರಬಹುದೇ ಅಥವಾ ಆವರಣದೊಳಗೆ ಪಟ್ಟಿ ಬೇಕೇ, ಯಾವುದರ ಮೇಲೆ ಕೂರಬಹುದು, ಎರಡು ಸಲ ಬಂದರೆ ಏನು ಮಾಡಬೇಕು ಎಂಬುದನ್ನೆಲ್ಲ ಅದೇ ಹೇಳಬೇಕು. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಇನ್‌ಲೈನ್ ಎರಡು ಸಲ ಬಂದರೆ ಒಂದನ್ನು ಉಳಿಸಿಕೊಂಡು ಇನ್ನೊಂದಕ್ಕೆ ಎಚ್ಚರಿಕೆ ಕೊಡಬೇಕು. ಆದರೆ ಮೆಮೊರಿ ವಿನ್ಯಾಸ ಹೇಳುವ ರೆಪ್ರ್ ಎರಡು ಸಲ ಬಂದರೆ, ಒಂದರಲ್ಲಿ ಸಿ ವಿನ್ಯಾಸ, ಇನ್ನೊಂದರಲ್ಲಿ ಅಲೈನ್‌ಮೆಂಟ್ ಇರಬಹುದು, ಎರಡನ್ನೂ ಕೂಡಿಸಲೇಬೇಕು. ಸ್ಟ್ರಿಂಗ್ ಹುಡುಕುವ ಕೋಡ್ ಸಾಮಾನ್ಯವಾಗಿ ಮೊದಲು ಸಿಕ್ಕಿದ್ದನ್ನು ಹಿಡಿದು ಹೊರಟುಬಿಡುತ್ತದೆ. ಎರಡನೆಯ ಸಾಲು ಕಳೆದುಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ, ಒಂದು ದಿನ ಸಿ ಕಡೆಯಿಂದ ಬಂದ ಸ್ಟ್ರಕ್ಟ್ ಒಂದರ ಫೀಲ್ಡ್‌ಗಳಲ್ಲಿ ಕಸ ಕಾಣುವವರೆಗೆ.

ಇದೇನೂ ರಸ್ಟ್‌ನವರು ಕಂಡುಹಿಡಿದದ್ದಲ್ಲ. ಸಿ, ಸಿ++ ಕಂಪೈಲರ್ ಆದ ಕ್ಲ್ಯಾಂಗ್‌ನಲ್ಲಿ ಆಟ್ರಿಬ್ಯೂಟ್‌ಗಳೆಲ್ಲ ಟೇಬಲ್‌ಜೆನ್ ಭಾಷೆಯ ಒಂದು ಫೈಲ್‌ನಲ್ಲಿ ಘೋಷಣೆಯಾಗುತ್ತವೆ. ಹೇಗೆ ಬರೆಯಬೇಕು, ಯಾವ ಆರ್ಗ್ಯುಮೆಂಟ್, ಯಾವುದರ ಮೇಲೆ ಕೂರಬಹುದು, ದಾಖಲೆ ಏನು ಎಂಬುದು ಅಲ್ಲೇ. ಬಹುಪಾಲು ತಪಾಸಣೆಯ ಕೋಡ್ ಅದರಿಂದಲೇ ಹುಟ್ಟುತ್ತದೆ. ನಿಮ್ಮ ಭಾಷೆ ಚಿಕ್ಕದು, ಅಷ್ಟು ಯಂತ್ರೋಪಕರಣ ಬೇಡ. ಒಂದು ಟ್ರೇಟ್ (ಪ್ರತಿ ಪಾರ್ಸರ್ ಪಾಲಿಸಬೇಕಾದ ಒಪ್ಪಂದ), ಒಂದು ಎನಮ್ ಸಾಕು.

ಎರಡು ಆಟ್ರಿಬ್ಯೂಟ್‌ಗಳನ್ನು ಮಾತ್ರ ಈ ಸಾಲಿಗೆ ಸೇರಿಸಬೇಡಿ. ಸಿಎಫ್‌ಜಿ, ಕೊಟ್ಟ ಷರತ್ತು ಹೊಂದದಿದ್ದರೆ, ಟ್ರೀಯಿಂದ ತುಂಡನ್ನೇ ಕಿತ್ತುಹಾಕುತ್ತದೆ, ಡಿರೈವ್ ಹೊಸ ತುಂಡನ್ನು ಸೇರಿಸುತ್ತದೆ. ಯಾವ ಹೆಸರು ಯಾವುದನ್ನು ಸೂಚಿಸುತ್ತದೆ ಎಂದು ಬಿಡಿಸುವ ಕೆಲಸ ಮುಗಿಯುವ ಮೊದಲೇ ಇವು ಓಡಬೇಕು. ಉಳಿದವು ಸುಮ್ಮನೆ ಅಂಟಿಕೊಂಡು ಕೂತಿರುವಂಥವು, ಅವಕ್ಕೆ ಕಾಯುವ ತಾಳ್ಮೆ ಇದೆ. ಎಲ್ಲವನ್ನೂ ಒಂದೇ ಚೌಕಟ್ಟಿಗೆ ತುರುಕಲು ಹೊರಟರೆ ಚೌಕಟ್ಟೇ ಕೆಟ್ಟುಹೋಗುತ್ತದೆ.

ಗೊತ್ತಿಲ್ಲದ ಆಟ್ರಿಬ್ಯೂಟ್ ಕಂಡರೆ? ಸಿ++17 ಅದನ್ನು ಕಡೆಗಣಿಸಿ ಮುಂದೆ ಹೋಗಬೇಕು ಎನ್ನುತ್ತದೆ, ರಸ್ಟ್ ಎರರ್ ಕೊಟ್ಟು ನಿಲ್ಲುತ್ತದೆ. ನನ್ನ ವೋಟು ಎರರ್‌ಗೆ. ಒಂದಕ್ಷರ ತಪ್ಪಾದ ಮಸ್ಟ್‌ಯೂಸ್ ಕೆಲಸ ಮಾಡುತ್ತಿಲ್ಲ ಎಂದು ಬಳಕೆದಾರ ಯಾವತ್ತಿಗೂ ಕಂಡುಹಿಡಿಯಲಾರ. ಕೋಡ್ ಓರಣ ಮಾಡುವ ರಸ್ಟ್‌ಫ್ಮಟ್‌ನಂಥ ಹೊರಗಿನ ಟೂಲ್‌ಗಳಿಗೆ ಹೆಸರಿನ ಮುಂದೆ ಟೂಲ್ ಹೆಸರು ಸೇರಿಸುವ ದಾರಿ ಬಿಟ್ಟರಾಯಿತು. ಹೀಗೆ ಬಿಗಿ ಮಾಡಿದಾಗ ಹಿಂದೆ ನಡೆಯುತ್ತಿದ್ದ ಕೆಲವು ಪ್ರೋಗ್ರಾಂಗಳು ಮುರಿಯುತ್ತವೆ. ರಸ್ಟ್‌ನವರು ಅದಕ್ಕೆಂದೇ ಮೊದಲು ಎಚ್ಚರಿಕೆಯಾಗಿ ಬಿಟ್ಟು, ಕ್ರೇಟರ್ ಎಂಬ ಟೂಲ್‌ನಿಂದ ಸಾರ್ವಜನಿಕ ಕ್ರೇಟ್‌ಗಳನ್ನೆಲ್ಲ (ರಸ್ಟ್ ಪ್ಯಾಕೇಜ್‌ಗಳನ್ನೆಲ್ಲ) ಕಂಪೈಲ್ ಮಾಡಿ ನೋಡುತ್ತಾರೆ. ನಿಮಗಿನ್ನೂ ಆ ತಲೆನೋವಿಲ್ಲ, ಈಗಲೇ ಬಿಗಿ ಮಾಡಿಬಿಡಿ.

ಇನ್ನು ವೇಗ. ‘ಬಿಲ್ಡ್ ನಿಧಾನ’ ಅಂದಿರಿ. ನಿಮ್ಮ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನಿಧಾನವಾಗಿ ಬಿಲ್ಡ್ ಆಗುತ್ತಿದೆಯೋ, ಕಂಪೈಲರೇ ನಿಧಾನವಾಗಿ ಬಿಲ್ಡ್ ಆಗುತ್ತಿದೆಯೋ? ಎರಡಕ್ಕೂ ಮದ್ದು ಬೇರೆ ಬೇರೆ.

ಎರಡನೆಯದಾದರೆ, ರಸ್ಟ್‌ನ ಬಿಲ್ಡ್ ಟೂಲ್ ಆದ ಕಾರ್ಗೋದ ಬಿಲ್ಡ್ ಆಜ್ಞೆಗೆ ಟೈಮಿಂಗ್ಸ್ ಆಯ್ಕೆ ಕೊಟ್ಟು ಓಡಿಸಿ, ರಸ್ಟ್ 1.60ರಿಂದ, ಅಂದರೆ 2022ರಿಂದ, ಅದು ಎಲ್ಲರಿಗೂ ಲಭ್ಯ. ಯಾವ ಕ್ರೇಟ್ ಯಾರಿಗಾಗಿ ಕಾಯುತ್ತಾ ಕೂತಿದೆ ಎಂದು ಚಿತ್ರದಲ್ಲೇ ಕಾಣುತ್ತದೆ. ಅದರಲ್ಲಿ ಪ್ರೊಸೀಜರಲ್ ಮ್ಯಾಕ್ರೋಗಳನ್ನು (ಕಂಪೈಲ್ ಆಗುವಾಗಲೇ ಓಡಿ ಕೋಡ್ ಹುಟ್ಟಿಸುವಂಥವನ್ನು) ಮೊದಲು ಗಮನಿಸಿ. ಸಾಮಾನ್ಯ ಕ್ರೇಟ್‌ನ ಮೆಟಾಡೇಟಾ (ಅದರಲ್ಲಿ ಏನೇನಿದೆ ಎಂಬ ವಿವರ) ಸಿಕ್ಕ ಕೂಡಲೇ ಅದನ್ನು ನಂಬಿದ ಮುಂದಿನ ಕ್ರೇಟ್ ಶುರುವಾಗಬಹುದು, 1.38ರಲ್ಲಿ ಬಂದ ಪೈಪ್‌ಲೈನಿಂಗ್ ಅದೇ. ಮ್ಯಾಕ್ರೋ ಕ್ರೇಟ್‌ಗೆ ಆ ರಿಯಾಯಿತಿ ಇಲ್ಲ. ಅದನ್ನು ಕಂಪೈಲರ್ ಒಳಗೆ ಲೋಡ್ ಮಾಡಿ ಓಡಿಸಬೇಕಾದ್ದರಿಂದ ಲಿಂಕ್ ಆಗಿ ಪೂರ್ತಿ ತಯಾರಾಗುವವರೆಗೆ ಹಿಂದಿನವರೆಲ್ಲ ಸಾಲಿನಲ್ಲಿ ನಿಲ್ಲಬೇಕು. ಎರಡು ಸಣ್ಣ ಡಿರೈವ್‌ಗಳಿಗಾಗಿ ದೊಡ್ಡ ಮ್ಯಾಕ್ರೋ ಕ್ರೇಟ್ ಎಳೆದುಕೊಂಡಿದ್ದರೆ, ಅವು ಹುಟ್ಟಿಸುವ ಕೋಡನ್ನು ಕೈಯಲ್ಲೇ ಬರೆದುಬಿಡಿ. ಡೀಬಗ್ ಮಾಹಿತಿಯನ್ನು ಸಾಲಿನ ಸಂಖ್ಯೆಗಳಿಗಷ್ಟೇ ಇಳಿಸಿ. 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಕಂಪೈಲ್ ಆದ ತುಂಡುಗಳನ್ನು ಜೋಡಿಸುವ ಎಲ್‌ಎಲ್‌ಡಿ ಲಿಂಕರ್ ರಸ್ಟ್ 1.90ರಿಂದ ತಾನಾಗಿಯೇ ಬರುತ್ತದೆ, ಅದಕ್ಕಿಂತ ಹಳೆಯದಿದ್ದರೆ ಅಪ್‌ಡೇಟ್ ಮಾಡಿಕೊಳ್ಳಿ. ಎಲ್‌ಎಲ್‌ವಿಎಂ ಅನ್ನು ಸೋರ್ಸ್‌ನಿಂದ ಕಟ್ಟುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ರಸ್ಟ್ ಕಂಪೈಲರ್ ಮೇಲೆ ಕೆಲಸ ಮಾಡುವವರೇ ಸಿದ್ಧವಾಗಿರುವುದನ್ನು ಇಳಿಸಿಕೊಂಡು ಬಳಸುತ್ತಾರೆ.

ಮೊದಲನೆಯದಾದರೆ, ಆಟ್ರಿಬ್ಯೂಟ್‌ಗಳೊಂದಿಗಿನ ನಂಟು ಬರುವುದು ಇಲ್ಲಿ.

ಒಂದು, ಇನ್‌ಲೈನ್. ರಸ್ಟ್‌ನಲ್ಲಿ ಈ ಆಟ್ರಿಬ್ಯೂಟ್ ಹಾಕಿದ ಫಂಕ್ಷನ್‌ನ ದೇಹ ಮೆಟಾಡೇಟಾ ಜೊತೆ ಪ್ರಯಾಣ ಮಾಡುತ್ತದೆ. ಬಳಸುವ ಪ್ರತಿ ಕ್ರೇಟ್‌ನಲ್ಲೂ ಅದರ ಪ್ರತಿ ಮತ್ತೆ ಎಲ್‌ಎಲ್‌ವಿಎಂ ಬಾಯಿಗೆ ಬೀಳುತ್ತದೆ. ಲೈಬ್ರರಿ ಬರೆಯುವವರು ಒಳ್ಳೆಯದಾಗಲಿ ಎಂದು ಎಲ್ಲದಕ್ಕೂ ಇನ್‌ಲೈನ್ ಅಂಟಿಸುತ್ತಾರೆ, ಬಿಲ್ ಕಟ್ಟುವವರು ಬಳಸುವವರು. ನಿಮ್ಮ ಭಾಷೆಯ ಅರ್ಥವೂ ಇದೇ ಆಗಿದ್ದರೆ, ಸ್ಟ್ಯಾಂಡರ್ಡ್ ಲೈಬ್ರರಿಯ ದೊಡ್ಡ ಫಂಕ್ಷನ್‌ಗಳಿಂದ ಅದನ್ನು ತೆಗೆದು ಅಳೆದು ನೋಡಿ. ಜೆನೆರಿಕ್ ಫಂಕ್ಷನ್‌ಗಳದ್ದೂ ಹತ್ತಿರದ ಕಾಯಿಲೆಯೇ, ಬಳಸಿದ ಪ್ರತಿ ಟೈಪ್‌ಗೂ ಒಂದೊಂದು ನಕಲು ಹುಟ್ಟುತ್ತದೆ. ರಸ್ಟ್‌ನ ಫೈಲ್ ಓದುವ ಫಂಕ್ಷನ್ ಹೊರಗಡೆ ಜೆನೆರಿಕ್, ಒಳಗಡೆ ಬರಿಯ ಪಾತ್ ತೆಗೆದುಕೊಳ್ಳುವ ಸಾದಾ ಫಂಕ್ಷನ್ ಒಂದನ್ನು ಕರೆಯುತ್ತದೆ; ಎಷ್ಟೇ ಟೈಪ್‌ಗಳಿಂದ ಕರೆದರೂ ನಕಲಾಗುವುದು ಹೊರಗಿನ ತೆಳು ಪದರ ಮಾತ್ರ.

ಎರಡನೆಯದು ಇನ್‌ಕ್ರಿಮೆಂಟಲ್ ಕಂಪೈಲೇಶನ್, ಅಂದರೆ ಬದಲಾದದ್ದನ್ನು ಮಾತ್ರ ಮತ್ತೆ ಕಂಪೈಲ್ ಮಾಡುವುದು, ಮತ್ತು ನನ್ನ ಪ್ರಕಾರ ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು ಇದೇ. ರಸ್ಟ್‌ನಲ್ಲಿ ಇದು 2018ರ 1.24ರಲ್ಲಿ ತಾನಾಗಿ ಚಾಲೂ ಆಗುವಂತಾಯಿತು. ಪ್ರತಿ ಲೆಕ್ಕಾಚಾರದ ಫಲಿತಾಂಶಕ್ಕೆ ಒಂದು ಹ್ಯಾಶ್, ಬೆರಳಚ್ಚಿನಂಥ ಒಂದು ಸಂಖ್ಯೆ. ಹ್ಯಾಶ್ ಬದಲಾಗದಿದ್ದರೆ ಅದನ್ನು ನೆಚ್ಚಿದ ಮುಂದಿನ ಕೆಲಸ ಮತ್ತೆ ನಡೆಯಬೇಕಿಲ್ಲ. ಈಗ ನಿಮ್ಮ ಆಟ್ರಿಬ್ಯೂಟ್ ಮೌಲ್ಯದೊಳಗೆ ಫೈಲ್‌ನ ಸಾಲಿನ ಸಂಖ್ಯೆ ಇದೆ ಎಂದುಕೊಳ್ಳಿ. ಯಾರೋ ಫೈಲ್‌ನ ತಲೆಯಲ್ಲಿ ಒಂದು ಕಾಮೆಂಟ್ ಸೇರಿಸಿದರು. ಕೆಳಗಿನ ಪ್ರತಿ ಆಟ್ರಿಬ್ಯೂಟ್ ಒಂದು ಸಾಲು ಜಾರಿತು, ಪ್ರತಿ ಹ್ಯಾಶ್ ಬದಲಾಯಿತು, ಅರ್ಥದಲ್ಲಿ ಒಂದಿಷ್ಟೂ ಬದಲಾಗದ ಫಂಕ್ಷನ್‌ಗಳೆಲ್ಲ ಮತ್ತೆ ಟೈಪ್ ಚೆಕ್‌ಗೆ ಹೋದವು. ಹಾಗಾಗಿ ಸ್ಥಾನವನ್ನು ಆಟ್ರಿಬ್ಯೂಟ್ ಕೂತಿರುವ ಐಟಂನ ಆರಂಭದಿಂದ ಎಣಿಸಿ ಇಡಿ, ಇಲ್ಲವೇ ಎರರ್ ಮುದ್ರಿಸುವಾಗ ಮಾತ್ರ ತೆರೆಯುವ ಬೇರೆ ಟೇಬಲ್‌ನಲ್ಲಿಡಿ.

ಇನ್ನೊಂದು ಬಲೆ: ರಸ್ಟ್‌ನಲ್ಲಿ ಡಾಕ್ ಕಾಮೆಂಟ್ ಕೂಡ ಆಟ್ರಿಬ್ಯೂಟೇ, ಮೂರು ಓರೆಗೆರೆಯ ಸಾಲು ಒಳಗೆ ಡಾಕ್ ಆಟ್ರಿಬ್ಯೂಟ್ ಆಗಿ ಬದಲಾಗುತ್ತದೆ. ನೀವೂ ಹಾಗೆ ಮಾಡಿದ್ದೀರಿ, ಕೋಡ್ ಹುಟ್ಟಿಸುವ ಭಾಗ ‘ಈ ಫಂಕ್ಷನ್‌ನ ಆಟ್ರಿಬ್ಯೂಟ್‌ಗಳನ್ನೆಲ್ಲ ಕೊಡು’ ಎಂದು ಕೇಳುತ್ತದೆ ಎಂದಾದರೆ, ವಿವರಣೆಯ ಒಂದು ಕಾಗುಣಿತ ತಿದ್ದಿದರೂ ಫಂಕ್ಷನ್‌ನ ಕೋಡ್ ಮತ್ತೆ ಹುಟ್ಟಬೇಕು. ‘ಇದರ ಇನ್‌ಲೈನ್ ಮೌಲ್ಯವೇನು’ ಎಂಬ ಚಿಕ್ಕ ಪ್ರಶ್ನೆ ನಡುವೆ ಇರಲಿ. ಪಟ್ಟಿ ಬದಲಾದಾಗ ಆ ಚಿಕ್ಕ ಪ್ರಶ್ನೆ ಮಾತ್ರ ಮತ್ತೆ ಓಡುತ್ತದೆ, ಉತ್ತರ ಹಳೆಯದೇ ಇದ್ದರೆ ಬದಲಾವಣೆ ಅಲ್ಲಿಗೇ ನಿಲ್ಲುತ್ತದೆ. ಸ್ಟ್ರಿಂಗ್ ಬಿಟ್ಟು ಎನಮ್‌ಗೆ ಹೋಗುವುದರಿಂದ ವೇಗಕ್ಕೆ ಸಿಗುವ ನಿಜವಾದ ಲಾಭ ಇದು. ಹೋಲಿಸಲು ಒಂದು ಮೌಲ್ಯ ಸಿಗುತ್ತದೆ.

ಪರೀಕ್ಷೆ ಸುಲಭ. ದೊಡ್ಡ ಫೈಲ್ ಒಂದರ ಮೊದಲಿಗೆ ಖಾಲಿ ಸಾಲು ಸೇರಿಸಿ ಮರುಬಿಲ್ಡ್ ಮಾಡಿ, ಟೈಪ್ ಚೆಕ್‌ಗೆ ಎಷ್ಟು ಫಂಕ್ಷನ್ ಮತ್ತೆ ಹೋದವು ಎಂದು ಎಣಿಸಿ. ಆಮೇಲೆ ಒಂದು ಡಾಕ್ ಕಾಮೆಂಟ್ ತಿದ್ದಿ, ಎಷ್ಟು ಫಂಕ್ಷನ್‌ನ ಕೋಡ್ ಮತ್ತೆ ಹುಟ್ಟಿತು ನೋಡಿ. ಎರಡೂ ಸೊನ್ನೆ ಬರಬೇಕು. ಡೀಬಗ್ ಮಾಹಿತಿ ಚಾಲೂ ಇದ್ದರೆ ಖಾಲಿ ಸಾಲಿನಿಂದ ಕೋಡ್ ಹುಟ್ಟಿಸುವ ಹಂತ ಅಲುಗಾಡುವುದು ಸಹಜ, ಅಲ್ಲಿ ಸಾಲಿನ ಸಂಖ್ಯೆ ಬೇಕೇ ಬೇಕು.

ಇಷ್ಟಾದ ಮೇಲೂ ಸಮಯದ ಸಿಂಹಪಾಲು ಎಲ್‌ಎಲ್‌ವಿಎಂನಲ್ಲೇ ಹೋಗುತ್ತಿದ್ದರೆ, ಡೀಬಗ್ ಬಿಲ್ಡ್‌ಗಳಿಗೆ ಮಾತ್ರ ಅದರ ಬದಲು ಕ್ರೇನ್‌ಲಿಫ್ಟ್ ಎಂಬ ಕೋಡ್ ಹುಟ್ಟಿಸುವ ಸಾಧನ ಹಾಕಿ ನೋಡಿ. ಹುಟ್ಟುವ ಕೋಡ್ ಅಷ್ಟು ಚುರುಕಾಗಿರದು, ಆದರೆ ಬೇಗ ಹುಟ್ಟುತ್ತದೆ. ಅದು ರಸ್ಟ್‌ನಲ್ಲೇ ಬರೆದದ್ದಾದ್ದರಿಂದ ನಿಮ್ಮ ಪ್ರಾಜೆಕ್ಟ್‌ಗೆ ಮಾಮೂಲಿ ಕ್ರೇಟ್‌ನಂತೆ ಸೇರಿಸಿಕೊಳ್ಳಬಹುದು.